ನಕ್ಷತ್ರನೌಕೆಗಳ ಅಸ್ತ್ರಬಲ: ಒಂದು ತುಲನೆಯ ಜಿಜ್ಞಾಸೆ

ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯುಂಟೇ ಎಂದು ವಾಚಕ ಮಹಾಶಯರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಶಿಕ್ಷಣದ ಧ್ಯೇಯ, ಗುರುಶಿಷ್ಯ ಸಂಬಂಧ, ಗ್ರಾಮೀಣ ವಿದ್ಯಾರ್ಥಿಗಳ ಮುನ್ನಡೆ ಮೊದಲಾದ ಲೇಖನಗಳ ನಡುವೆ ಕಲ್ಪಿತ ನಕ್ಷತ್ರನೌಕೆಗಳ ಅಸ್ತ್ರಗಳನ್ನು ತೂಗಿನೋಡುವ ಬರಹವೊಂದು ಬಂದು ಕುಳಿತರೆ, ಅದು ಮದುವೆಯ ಮನೆಯಲ್ಲಿ ಗುರುತಿಲ್ಲದ ಅತಿಥಿಯಂತೆ ತೋರುವುದು ಸಹಜವೇ. ಆದರೆ ಪ್ರೌಢಶಾಲೆಯ ಹುಡುಗರು ವಿರಾಮದ ವೇಳೆಯಲ್ಲಿ ಯಾವುದನ್ನು ಕುರಿತು ಗಂಟಲು ಬತ್ತುವಂತೆ ವಾದಿಸುತ್ತಾರೆಂಬುದಕ್ಕೆ ತುಸು ಕಿವಿಗೊಟ್ಟಿರುವ ಅಧ್ಯಾಪಕರಿಗೆ ಈ ಅತಿಥಿ ತೀರ ಅಪರಿಚಿತನಾಗಿರಲಾರನು.

ಅವರ ಪ್ರಶ್ನೆ ಸರಳವಾದುದು. ‘ಸ್ಟಾರ್ ಟ್ರೆಕ್’ ಮಾಲಿಕೆಯ ಎಂಟರ್‌ಪ್ರೈಸ್ ನೌಕೆಯೂ ‘ಸ್ಟಾರ್ ವಾರ್ಸ್’ ಚಿತ್ರಗಳ ಸ್ಟಾರ್ ಡಿಸ್ಟ್ರಾಯರ್ ನೌಕೆಯೂ ಆಕಾಶದಲ್ಲಿ ಎದುರುಬದುರಾದರೆ ಗೆಲುವು ಯಾರದು? ಪಶ್ಚಿಮ ದೇಶಗಳಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿ ದಶಕಗಳ ಕಾಲ ಕಾಗದ ತುಂಬಿಸಿದ ವಿದ್ಯಾವಂತರಿದ್ದಾರೆ. ಎಂಜಿನಿಯರರೂ ಖಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರೂ ಅವರಲ್ಲಿ ಸೇರಿದ್ದಾರೆ. ಹಿರಿಯರಲ್ಲಿ ಹಲವರು ಇದನ್ನು ಕಂಡು ಮೂಗು ಮುರಿಯುವರು. ಕಿರಿಯರು ಇದರ ಅಂಕಿಗಳನ್ನು ವೇದವಾಕ್ಯದಂತೆ ನಂಬುವರು. ಈ ಇಬ್ಬರೊಂದಿಗೂ ನನ್ನ ಸಹಮತವಿಲ್ಲ. ಈ ತುಲನೆಗೆ ಉತ್ತರವಿಲ್ಲ. ಆದರೆ ಉತ್ತರವಿಲ್ಲವೆಂಬುದನ್ನು ವಿದ್ಯಾರ್ಥಿಯು ಲೆಕ್ಕ ಮಾಡಿಯೇ ಕಂಡುಕೊಳ್ಳಬೇಕು. ಯಾರೋ ಹೇಳಿದರೆಂದು ಒಪ್ಪಿಕೊಂಡರೆ ಅದರಲ್ಲಿ ಯಾವ ಪ್ರಯೋಜನವೂ ಇಲ್ಲ. ಇದನ್ನು ಸಮರ್ಥಿಸುವುದಷ್ಟೇ ಈ ಬರಹದ ಉದ್ದೇಶ.

ಕಥೆಯ ಸೈನ್ಯಗಳನ್ನು ಎಣಿಸುವ ಚಪಲ ನಮಗೇನೂ ಹೊಸದಲ್ಲ. ಒಂದು ಅಕ್ಷೋಹಿಣಿಗೆ ೨೧,೮೭೦ ರಥ, ಅಷ್ಟೇ ಆನೆ, ೬೫,೬೧೦ ಕುದುರೆ, ೧,೦೯,೩೫೦ ಕಾಲಾಳು ಎಂದು ನಮ್ಮ ಹಿರಿಯರು ಬಾಯಿಪಾಠ ಮಾಡಿಸುತ್ತಿದ್ದರು. ಒಂದು, ಒಂದು, ಮೂರು, ಐದು ಎಂಬ ಅನುಪಾತವನ್ನು ಅದರಲ್ಲಿ ಕಂಡುಹಿಡಿದ ಬಾಲಕನಿಗೆ ಗಣಿತದ ರುಚಿ ಹತ್ತುತ್ತಿತ್ತು. ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರ ಪ್ರತಿ ಎಂಬ ವಾದವೂ ಕಟ್ಟೆಯ ಮೇಲೆ ನಡೆಯುತ್ತಿತ್ತು. ಹನ್ನೊಂದು ಅಕ್ಷೋಹಿಣಿಯ ಪಕ್ಷ ಸೋತು ಏಳು ಅಕ್ಷೋಹಿಣಿಯ ಪಕ್ಷ ಗೆದ್ದಿತೆಂಬುದು ಗೊತ್ತಿದ್ದರಿಂದ, ಎಣಿಕೆಯೇ ಕಥೆಯೆಂದು ಮಾತ್ರ ಯಾರೂ ಭ್ರಮಿಸುತ್ತಿರಲಿಲ್ಲ.

ಈ ಚಿತ್ರಗಳ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಜೀನ್ ರಾಡನ್‌ಬೆರಿಯವರು ರೂಪಿಸಿದ ‘ಸ್ಟಾರ್ ಟ್ರೆಕ್’ ೧೯೬೬ರ ಸೆಪ್ಟೆಂಬರಿನಲ್ಲಿ ಅಮೆರಿಕದ ದೂರದರ್ಶನದಲ್ಲಿ ಆರಂಭವಾಯಿತು. ಅಲ್ಲಿ ನೌಕೆಯ ಕೆಲಸ ಮುಖ್ಯವಾಗಿ ಅನ್ವೇಷಣೆ. ಆದರೂ ಅದರಲ್ಲಿ ಫೇಸರ್ ಎಂಬ ಕಿರಣಾಸ್ತ್ರವೂ ಫೋಟಾನ್ ಟಾರ್ಪಿಡೊ ಎಂಬ ಸಿಡಿತಲೆಯೂ ಇವೆ. ಜಾರ್ಜ್ ಲೂಕಾಸ್ ಅವರ ‘ಸ್ಟಾರ್ ವಾರ್ಸ್’ ೧೯೭೭ರ ಮೇ ತಿಂಗಳಲ್ಲಿ ತೆರೆಕಂಡಿತು. ಅಲ್ಲಿ ಟರ್ಬೊಲೇಸರ್ ಎಂಬ ತೋಪುಗಳಿವೆ. ಸಣ್ಣ ಚಂದ್ರನಷ್ಟು ಗಾತ್ರದ ಡೆತ್ ಸ್ಟಾರ್ ಎಂಬ ಯುದ್ಧಕೇಂದ್ರವಿದೆ. ನಿರ್ವಾತದಲ್ಲಿ ಶಬ್ದ ಚಲಿಸದು, ಪಕ್ಕದಲ್ಲಿ ನಿಂತವನಿಗೆ ಕಿರಣ ಕಾಣಿಸದು. ಆದರೂ ಎರಡು ಕಡೆಯೂ ಕಿರಣಗಳು ಬಣ್ಣಬಣ್ಣವಾಗಿ ಹೊಳೆದು ಭೋರ್ಗರೆಯುತ್ತವೆ. ಬಯಲಾಟದಲ್ಲಿ ಕಿರೀಟ ನಿಜವಾದ ಚಿನ್ನದ್ದೇ ಎಂದು ಕೇಳುವವರು ಯಾರು? ಅದನ್ನು ಬದಿಗಿಡೋಣ.

ಎಲ್ಲಕ್ಕಿಂತ ಸೊಗಸಾದ ಲೆಕ್ಕವು ೧೯೭೭ರ ಚಿತ್ರದಲ್ಲಿಯೇ ದೊರೆಯುತ್ತದೆ. ಡೆತ್ ಸ್ಟಾರ್ ತನ್ನ ಒಂದೇ ಹೊಡೆತದಿಂದ ಆಲ್ಡೆರಾನ್ ಎಂಬ ಗ್ರಹವನ್ನು ಕ್ಷಣಮಾತ್ರದಲ್ಲಿ ಚೂರುಚೂರು ಮಾಡುತ್ತದೆ. ಒಂದು ಗ್ರಹವನ್ನು ಒಡೆಯುವುದೆಂದರೆ ಮಡಕೆ ಒಡೆದಂತಲ್ಲ. ಒಡೆದ ಚೂರುಗಳನ್ನು ಅದರ ಗುರುತ್ವವೇ ಮತ್ತೆ ಒಟ್ಟುಗೂಡಿಸುತ್ತದೆ. ಅವು ಮರಳಿ ಕೂಡದಂತೆ ಒಂದೊಂದು ಚೂರನ್ನೂ ಅನಂತ ದೂರಕ್ಕೆ ಎತ್ತಿಹಾಕಬೇಕು. ಅದಕ್ಕೆ ಬೇಕಾಗುವ ಶಕ್ತಿಗೆ ಗುರುತ್ವ ಬಂಧನಶಕ್ತಿ ಎಂದು ಹೆಸರು. ಆಲ್ಡೆರಾನ್ ನಮ್ಮ ಭೂಮಿಯಷ್ಟೇ ಇದ್ದು, ಎಲ್ಲೆಡೆ ಒಂದೇ ಸಾಂದ್ರತೆಯುಳ್ಳದ್ದೆಂದು ಭಾವಿಸಿದರೆ, ಆ ಶಕ್ತಿ ೨.೨೪ನ್ನು ೧೦ರ ೩೨ನೆಯ ಘಾತದಿಂದ ಗುಣಿಸಿದಷ್ಟು ಜೂಲ್ ಆಗುತ್ತದೆ. ಸೂರ್ಯನು ಎಲ್ಲ ದಿಕ್ಕುಗಳಿಗೂ ಸೂಸುವ ಸಮಸ್ತ ಬೆಳಕನ್ನೂ ಶಾಖವನ್ನೂ ಒಂದು ಹನಿಯೂ ಸೋರದಂತೆ ಹಿಡಿದಿಟ್ಟರೂ ಇಷ್ಟು ಶಕ್ತಿ ಕೂಡಲು ಏಳು ದಿನಗಳಿಗೆ ತುಸು ಕಡಿಮೆ ಕಾಲ ಬೇಕು. ದ್ರವ್ಯವನ್ನೇ ಸಂಪೂರ್ಣವಾಗಿ ಶಕ್ತಿಯಾಗಿ ಮಾರ್ಪಡಿಸಬಲ್ಲೆವೆಂದರೂ ಸುಮಾರು ಎರಡೂವರೆ ಲಕ್ಷ ಕೋಟಿ ಟನ್ ದ್ರವ್ಯ ಬೇಕು. ಚಿತ್ರದಲ್ಲಿ ಚೂರುಗಳು ಅತಿವೇಗದಿಂದ ಸಿಡಿದು ಹೋಗುವುದರಿಂದ ನಿಜವಾದ ಲೆಕ್ಕ ಇದಕ್ಕಿಂತ ಹೆಚ್ಚೇ ಆಗಬೇಕು.

ಈ ಲೆಕ್ಕದಲ್ಲಿ ಸೂತ್ರ ಸತ್ಯ, ಭೂಮಿಯ ತೂಕ ಸತ್ಯ, ತ್ರಿಜ್ಯ ಸತ್ಯ. ಕಲ್ಪಿತವಾದುದು ಗ್ರಹದ ಹೆಸರೊಂದೇ. ಪಠ್ಯಪುಸ್ತಕದಲ್ಲಿ ಒಣಗಿಕೊಂಡಿರುವ ನ್ಯೂಟನ್ನನ ನಿಯಮವು ಇಲ್ಲಿ ಹದಿನೈದು ವರುಷದ ಹುಡುಗನ ರೋಮಗಳನ್ನು ನಿಮಿರಿಸುತ್ತದೆ. ನೆಲದ ಮೇಲೆ ನಾವು ಎಷ್ಟು ಭದ್ರವಾಗಿ ಕಟ್ಟಲ್ಪಟ್ಟಿದ್ದೇವೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನನಗೆ ತಿಳಿದಿಲ್ಲ.

ಎರಡನೆಯ ಲೆಕ್ಕ ಇಷ್ಟು ನಿರ್ಮಲವಾದುದಲ್ಲ. ೧೯೮೦ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಸ್ಟಾರ್ ಡಿಸ್ಟ್ರಾಯರ್ ತನ್ನ ದಾರಿಗಡ್ಡವಾದ ಕ್ಷುದ್ರಗ್ರಹಗಳನ್ನು ಹೊಡೆದುರುಳಿಸುತ್ತದೆ. ಆ ಬಂಡೆ ಕಬ್ಬಿಣದ್ದು, ೪೦ ಮೀಟರ್ ವ್ಯಾಸದ್ದು, ಸಂಪೂರ್ಣವಾಗಿ ಆವಿಯಾಯಿತು ಎಂದು ಭಾವಿಸೋಣ. ಅದರ ತೂಕ ಸುಮಾರು ೨ ಲಕ್ಷ ೬೪ ಸಾವಿರ ಟನ್. ಒಂದು ಕಿಲೋಗ್ರಾಂ ಕಬ್ಬಿಣವನ್ನು ಆವಿಯಾಗಿಸಲು ಸುಮಾರು ೮೦ ಲಕ್ಷ ಜೂಲ್. ಒಟ್ಟು ಶಕ್ತಿ ಹೆಚ್ಚುಕಡಿಮೆ ಅರ್ಧ ಮೆಗಾಟನ್, ಅಂದರೆ ಐದು ಲಕ್ಷ ಟನ್ ಟಿಎನ್‌ಟಿ ಸ್ಫೋಟಕಕ್ಕೆ ಸಮ. ಹುಡುಗರು ಇಲ್ಲಿಗೆ ನಿಂತು ಜಯಘೋಷ ಮಾಡುವುದುಂಟು. ಆದರೆ ಬಂಡೆಯ ವ್ಯಾಸ ೪೦ ಮೀಟರ್ ಎಂದು ಹೇಳಿದವರು ಯಾರು? ೮೦ ಎಂದರೆ ಶಕ್ತಿ ಎಂಟು ಪಟ್ಟು ಏರಿ ನಾಲ್ಕು ಮೆಗಾಟನ್ ಆಯಿತು. ೨೦ ಎಂದರೆ ಎಂಟನೆಯ ಒಂದು ಪಾಲಿಗೆ ಇಳಿಯಿತು. ಬಂಡೆ ಆವಿಯಾಗದೆ ಬರಿದೆ ಕರಗಿತೆಂದರೆ ಆರನೆಯ ಒಂದು ಪಾಲು ಸಾಕು. ಬರಿದೆ ಒಡೆದು ಚದುರಿತೆಂದರೆ ಕಲ್ಲುಗಣಿಯ ಮದ್ದಿನ ಲೆಕ್ಕಕ್ಕೇ ಬಂದುಬಿಡಬಹುದು. ತೆರೆಯ ಮೇಲೆ ಒಂದು ಮಿಂಚು, ಒಂದಿಷ್ಟು ಹೊಗೆ. ಅದು ಆವಿಯೋ ದೂಳೋ ಎಂಬುದು ನೋಡುವವನ ಅಭಿಮಾನವನ್ನು ಅವಲಂಬಿಸಿದೆ. ಅಭಿಮಾನವು ವ್ಯಾಸದೊಳಗೆ ನುಸುಳಿದರೆ ಉತ್ತರದಲ್ಲಿ ಅದರ ಘನವಾಗಿ ಹೊರಬರುತ್ತದೆ ಎಂಬುದನ್ನು ಅಧ್ಯಾಪಕರು ಗಮನಿಸಬೇಕು.

ಎದುರು ಪಕ್ಷದವರು ಕೈಪಿಡಿಯ ಮೊರೆ ಹೊಗುತ್ತಾರೆ. ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ ಮಾಲಿಕೆಗೆ ದುಡಿದ ರಿಕ್ ಸ್ಟರ್ನ್‌ಬಾಖ್ ಮತ್ತು ಮೈಕೆಲ್ ಒಕುಡಾ ಅವರು ೧೯೯೧ರಲ್ಲಿ ನೌಕೆಯ ತಾಂತ್ರಿಕ ಕೈಪಿಡಿಯೊಂದನ್ನು ಪ್ರಕಟಿಸಿದರು. ಅದರ ಪ್ರಕಾರ ಫೋಟಾನ್ ಟಾರ್ಪಿಡೊವಿನಲ್ಲಿ ಗರಿಷ್ಠ ಒಂದೂವರೆ ಕಿಲೋಗ್ರಾಂ ಪ್ರತಿದ್ರವ್ಯವಿರುತ್ತದೆ. ಅದು ಅಷ್ಟೇ ದ್ರವ್ಯದೊಡನೆ ಕೂಡಿ ಮಾಯವಾದಾಗ ಮೂರು ಕಿಲೋಗ್ರಾಂ ಪೂರ್ತಿಯಾಗಿ ಶಕ್ತಿಯಾಗುತ್ತದೆ. ಐನ್‌ಸ್ಟೈನರ ಸಮೀಕರಣವನ್ನು ಅನ್ವಯಿಸಿದರೆ ಸುಮಾರು ೬೪ ಮೆಗಾಟನ್. ಮಾನವರು ನಿಜವಾಗಿ ಸಿಡಿಸಿರುವ ಅತಿದೊಡ್ಡ ಬಾಂಬು, ೧೯೬೧ರ ಅಕ್ಟೋಬರ್ ೩೦ರಂದು ನೊವಾಯಾ ಜೆಮ್ಲ್ಯಾ ದ್ವೀಪದ ಮೇಲೆ ಸೋವಿಯತ್ ಒಕ್ಕೂಟ ಸಿಡಿಸಿದ್ದು, ಸುಮಾರು ೫೦ ಮೆಗಾಟನ್‌ನದು. ಕಥೆಯು ವಾಸ್ತವಕ್ಕಿಂತ ಬಹು ಮುಂದೆ ಹೋಗಿಲ್ಲವೆಂಬುದು ಇಲ್ಲಿ ಸೋಜಿಗದ ವಿಷಯವಲ್ಲವೇ?

ಕೈಪಿಡಿಗೆ ಉತ್ತರ ಕೈಪಿಡಿಯಿಂದಲೇ ಬಂತು. ೨೦೦೨ರಲ್ಲಿ ಖಭೌತವಿಜ್ಞಾನಿ ಕರ್ಟಿಸ್ ಸ್ಯಾಕ್ಸ್‌ಟನ್ ಅವರು ‘ಅಟ್ಯಾಕ್ ಆಫ್ ದ ಕ್ಲೋನ್ಸ್’ ಚಿತ್ರದ ನೌಕೆಗಳ ಸೀಳುಚಿತ್ರಗಳ ಗ್ರಂಥಕ್ಕೆ ವಿವರಣೆ ಬರೆದರು. ಅದರಲ್ಲಿ ಸೈನಿಕರನ್ನು ಸಾಗಿಸುವ ಒಂದು ನೌಕೆಯ ಟರ್ಬೊಲೇಸರಿಗೆ ಹೊಡೆತವೊಂದಕ್ಕೆ ೨೦೦ ಗಿಗಾಟನ್ ಶಕ್ತಿಯನ್ನು ವಿಧಿಸಲಾಯಿತು. ಅಂದರೆ ಆ ಸೋವಿಯತ್ ಬಾಂಬು ನಾಲ್ಕು ಸಾವಿರ, ಒಂದೇ ಗುಂಡಿನಲ್ಲಿ! ಅದೂ ಯುದ್ಧನೌಕೆಯಲ್ಲ, ಸಾಗಣೆಯ ನೌಕೆ. ಒಂದು ಪಕ್ಷದವರು ಹಬ್ಬ ಮಾಡಿದರು, ಇನ್ನೊಂದು ಪಕ್ಷದವರು ಅನ್ಯಾಯವೆಂದು ಕೂಗಿದರು. ಹನ್ನೆರಡು ವರುಷಗಳ ಬಳಿಕ, ೨೦೧೪ರ ಏಪ್ರಿಲಿನಲ್ಲಿ, ಲೂಕಾಸ್‌ಫಿಲ್ಮ್ ಸಂಸ್ಥೆಯು ಹೊಸ ಚಿತ್ರಗಳಿಗೆ ಎಡೆಮಾಡುವುದಕ್ಕಾಗಿ ಹಳೆಯ ವಿಸ್ತೃತ ಸಾಹಿತ್ಯವನ್ನೆಲ್ಲ ‘ದಂತಕಥೆಗಳು’ ಎಂಬ ಪ್ರತ್ಯೇಕ ವರ್ಗಕ್ಕೆ ಸೇರಿಸಿತು. ಆ ೨೦೦ ಗಿಗಾಟನ್‌ನ ಅಧಿಕಾರವೂ ಅದರೊಡನೆಯೇ ಬಿದ್ದುಹೋಯಿತು. ಒಂದು ಪ್ರಕಟಣೆಯಿಂದ ಕಳೆದುಹೋಗಬಲ್ಲ ಶಕ್ತಿಯನ್ನು ಭೌತಶಾಸ್ತ್ರವು ಅಳೆಯಲಾರದು. ಅದು ಅಳೆದ ಅಂಕಿಯಾಗಿರಲಿಲ್ಲ, ಕೊಟ್ಟ ಅಂಕಿಯಾಗಿತ್ತು.

ಒಂದೇ ಮನೆಯ ಅಂಕಿಗಳಾದರೂ ಪರಸ್ಪರ ಹೊಂದುತ್ತವೆಯೋ ಎಂದರೆ ಅದೂ ಇಲ್ಲ. ೧೯೯೧ರ ಅದೇ ಕೈಪಿಡಿಯಂತೆ ಫೇಸರಿನ ಒಂದು ಘಟಕವು ೫.೧ ಮೆಗಾವಾಟ್ ಹೊರಸೂಸಬಲ್ಲದು. ನೌಕೆಯ ಮುಖ್ಯ ಸಾಲಿನಲ್ಲಿ ೨೦೦ ಘಟಕಗಳು. ಗುಣಿಸಿದರೆ ೧,೦೨೦ ಮೆಗಾವಾಟ್. ನಮ್ಮ ಶರಾವತಿ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ ೧,೦೩೫ ಮೆಗಾವಾಟ್! ಇಪ್ಪತ್ತನಾಲ್ಕನೆಯ ಶತಮಾನದ ಮಹಾನೌಕೆಯ ಅಸ್ತ್ರವು ಜೋಗದ ಬಳಿಯ ವಿದ್ಯುದಾಗಾರಕ್ಕಿಂತ ಒಂದು ಹಿಡಿ ಕಡಿಮೆ. ಈ ಕಿರಣವನ್ನು ಒಂದು ಸೆಕೆಂಡು ಹಾಯಿಸಿದರೆ ಸಿಗುವುದು ಕಾಲು ಟನ್ ಟಿಎನ್‌ಟಿಯಷ್ಟು ಶಕ್ತಿ ಮಾತ್ರ. ಆದರೆ ೧೯೯೨ರಲ್ಲಿ ಪ್ರಸಾರವಾದ ‘ಟ್ರೂ ಕ್ಯೂ’ ಎಂಬ ಕಂತಿನಲ್ಲಿ ಯಂತ್ರಮಾನವ ಡೇಟಾ, ಅದೇ ನೌಕೆಯ ಶಕ್ತಿಯಾಗಾರವು ೧೨.೭೫ ಶತಕೋಟಿ ಗಿಗಾವಾಟ್ ಉತ್ಪಾದಿಸುತ್ತಿದೆಯೆಂದು ವಿವರಿಸಲು ತೊಡಗುತ್ತಾನೆ. ಅಸ್ತ್ರಕ್ಕೂ ಆಗರಕ್ಕೂ ೧,೨೫೦ ಕೋಟಿ ಪಟ್ಟು ಅಂತರ. ಸಮುದ್ರವನ್ನು ಬೆನ್ನ ಹಿಂದಿಟ್ಟುಕೊಂಡು ಉದ್ಧರಣೆಯಿಂದ ನೀರು ಚಿಮುಕಿಸುವವನ ಚಿತ್ರ ನೆನಪಾಗುತ್ತದೆ. ಅಲ್ಲದೆ ಡೇಟಾನ ವಾಕ್ಯವು ‘ಇಷ್ಟು ಗಿಗಾವಾಟ್, ಪ್ರತಿ...’ ಎಂಬಲ್ಲಿಗೆ ಅಪಾಯದ ಸೂಚನೆಯಿಂದ ಕಡಿದುಹೋಗುತ್ತದೆ. ಪ್ರತಿ ಏನಕ್ಕೆ? ಆ ಮಾತು ಇಂದಿಗೂ ಪೂರ್ತಿಯಾಗಿಲ್ಲ.

ಇನ್ನೊಂದು ನಿದರ್ಶನ ಸಾಕು. ೧೯೯೫ರ ‘ದ ಡೈ ಈಸ್ ಕಾಸ್ಟ್’ ಎಂಬ ಕಂತಿನಲ್ಲಿ ಇಪ್ಪತ್ತು ನೌಕೆಗಳ ಪಡೆಯೊಂದು ಒಂದು ಗ್ರಹದ ಮೇಲೆರಗಿ, ಮೊದಲ ಸರದಿಯಲ್ಲಿಯೇ ಅದರ ತೊಗಟೆಯ ಶೇಕಡಾ ಮೂವತ್ತು ಭಾಗ ನಾಶವಾಯಿತೆಂದು ವರದಿ ಮಾಡುತ್ತದೆ. ಭೂಮಿಯ ತೊಗಟೆಯಷ್ಟನ್ನೇ ಲೆಕ್ಕಕ್ಕೆ ಹಿಡಿದು, ನಾಶವೆಂದರೆ ಬರಿದೆ ಕರಗುವುದು ಎಂದಿಟ್ಟುಕೊಂಡರೂ, ೬೪ ಮೆಗಾಟನ್‌ನ ಟಾರ್ಪಿಡೊಗಳು ನಾಲ್ಕು ಸಾವಿರ ಕೋಟಿಗೂ ಮಿಕ್ಕಿ ಬೇಕು. ನೌಕೆಯೊಂದಕ್ಕೆ ಇನ್ನೂರು ಕೋಟಿ. ಅವನ್ನು ಹೊತ್ತ ನೌಕೆ ಹಾರುವುದಿರಲಿ, ಉಗ್ರಾಣದ ಲೆಕ್ಕ ಬರೆಯಲು ಗುಮಾಸ್ತರೇ ಸಾಲರು. (ಕಥೆಯಲ್ಲಿ ಆ ಗ್ರಹವೇ ಒಂದು ಬಲೆಯೆಂದು ಬಳಿಕ ತಿಳಿಯುತ್ತದೆ, ಅಭಿಮಾನಿಗಳು ಅದನ್ನು ಮರೆತು ಶೇಕಡಾ ಮೂವತ್ತನ್ನು ಮಾತ್ರ ಹಿಡಿದುಕೊಂಡಿರುವುದು ತಮಾಷೆ.)

ಹೀಗೇಕೆ? ಚಿತ್ರಕಾರರು ಅಜ್ಞರೆಂದು ಬೈಯುವುದು ಸುಲಭ, ಆದರೆ ಅದು ಸರಿಯಲ್ಲ. ಈ ಅಸ್ತ್ರಗಳ ಬಲವನ್ನು ನಿರ್ಧರಿಸಿದುದು ಭೌತಶಾಸ್ತ್ರವಲ್ಲ, ದೃಶ್ಯದ ಅಗತ್ಯ. ೧೯೬೬ರ ಡಿಸೆಂಬರಿನಲ್ಲಿ ಪ್ರಸಾರವಾದ ‘ಬ್ಯಾಲೆನ್ಸ್ ಆಫ್ ಟೆರರ್’ ಎಂಬ ಸ್ಟಾರ್ ಟ್ರೆಕ್ ಕಂತು ೧೯೫೭ರ ‘ದಿ ಎನಿಮಿ ಬಿಲೋ’ ಎಂಬ ಜಲಾಂತರ್ಗಾಮಿ ಯುದ್ಧದ ಚಿತ್ರವನ್ನು ಆಧರಿಸಿದುದು. ಅಲ್ಲಿ ಶತ್ರುನೌಕೆ ಕಣ್ಣಿಗೆ ಕಾಣದು. ಆದ್ದರಿಂದ ಕಿರಣಾಸ್ತ್ರವಾದ ಫೇಸರು ಆ ಒಂದು ಕಂತಿನಲ್ಲಿ ನೀರೊಳಗಿನ ಸಿಡಿಮದ್ದಿನಂತೆ ಅಲ್ಲಲ್ಲಿ ಸಿಡಿಯುತ್ತದೆ. ಲೂಕಾಸ್ ಅವರು ತಮ್ಮ ಚಿತ್ರದ ವಿಮಾನಕಾಳಗಕ್ಕೆ ಎರಡನೆಯ ಮಹಾಯುದ್ಧದ ವೈಮಾನಿಕ ಕದನಗಳ ಚಿತ್ರಸುರುಳಿಗಳನ್ನು ಮಾದರಿಯಾಗಿಟ್ಟುಕೊಂಡಿದ್ದರು. ಆದ್ದರಿಂದಲೇ ಬೆಳಕಿನ ವೇಗವನ್ನು ಮೀರಬಲ್ಲ ಯಾನಗಳ ಯೋಧರು ಬರಿಗಣ್ಣಿನಿಂದ ಗುರಿಹಿಡಿದು, ತಮ್ಮ ತಾತಂದಿರ ಕಾಲದ ದೂರದಲ್ಲಿ ನಿಂತು ಹೊಡೆದಾಡುತ್ತಾರೆ. ಸೂರ್ಯನ ವಾರದ ದುಡಿಮೆಯನ್ನು ಒಂದೇ ಉಸಿರಿನಲ್ಲಿ ಉಗುಳಬಲ್ಲ ಡೆತ್ ಸ್ಟಾರ್ ಕೊನೆಗೆ ಎರಡು ಮೀಟರ್ ಅಗಲದ ಹೊಗೆಗಂಡಿಯ ಮೂಲಕ ನಾಶವಾಗುತ್ತದೆ. ಕಥೆಗೆ ಬೇಕಾದುದು ಅದೇ. ದುರ್ಯೋಧನನ ಊರು ವಜ್ರಮಯವಾಗಿದ್ದರೆ ಗದಾಯುದ್ಧ ಮುಗಿಯುವುದೆಂತು?

ದೃಶ್ಯದ ಅಗತ್ಯವು ಲೆಕ್ಕಿಗರ ಕಟ್ಟಡವನ್ನೇ ಉರುಳಿಸಿದ ಪ್ರಸಂಗವೂ ಉಂಟು. ೨೦೧೭ರ ‘ದ ಲಾಸ್ಟ್ ಜೆಡೈ’ ಚಿತ್ರದಲ್ಲಿ ಸೇನಾಧಿಪತಿಯಾದ ಮಹಿಳೆಯೊಬ್ಬಳು ತನ್ನ ನೌಕೆಯನ್ನು ಅತಿವೇಗದ ಜಿಗಿತದಲ್ಲಿ ಶತ್ರುವಿನ ಮಹಾನೌಕೆಗೆ ಢಿಕ್ಕಿ ಹೊಡೆಸಿ ಅದನ್ನು ಸೀಳಿಬಿಡುತ್ತಾಳೆ. ನೋಡಲು ಭವ್ಯವಾದ ದೃಶ್ಯ. ಆದರೆ ಅಭಿಮಾನಿಗಳಲ್ಲಿ ಹಲವರು ಕನಲಿದರು: ನೌಕೆಯೇ ಅಸ್ತ್ರವಾಗಬಲ್ಲದಾದರೆ ನಲವತ್ತು ವರುಷಗಳಿಂದ ತೋಪುಗಳನ್ನು ಎಣಿಸಿದ್ದೇಕೆ, ಡೆತ್ ಸ್ಟಾರನ್ನು ಕಟ್ಟಿದ್ದೇಕೆ? ಅವರ ಕೋಪದಲ್ಲಿ ಭೌತಶಾಸ್ತ್ರ ತಕ್ಕಮಟ್ಟಿಗೆ ಇದೆ. ಒಂದು ಲಕ್ಷ ಟನ್ ತೂಕದ ನೌಕೆ ಬೆಳಕಿನ ವೇಗದ ಹತ್ತನೆಯ ಒಂದು ಪಾಲು ವೇಗದಲ್ಲಿ ಸಾಗುತ್ತಿದ್ದರೆ ಅದರ ಚಲನಶಕ್ತಿ ಸುಮಾರು ಒಂದು ಕೋಟಿ ಮೆಗಾಟನ್. ಅದರಲ್ಲಿ ಒಂದು ತೋಪೂ ಇರಬೇಕಾಗಿಲ್ಲ, ಅಕ್ಕಿಮೂಟೆ ತುಂಬಿದ್ದರೂ ಆದೀತು. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಬಲ್ಲ ಯಾವ ವಾಹನವೂ ತನ್ನಷ್ಟಕ್ಕೆ ತಾನೇ ಭಯಂಕರ ಆಯುಧವೆಂಬ ಈ ಅರಿವು, ಯಾವ ಕೈಪಿಡಿಯ ಗಿಗಾಟನ್‌ಗಿಂತಲೂ ಬೆಲೆಯುಳ್ಳದ್ದು.

ಇಷ್ಟಾದ ಮೇಲೆ, ಹಾಗಾದರೆ ಇದೆಲ್ಲ ವ್ಯರ್ಥ ಕಾಲಹರಣವಲ್ಲವೇ ಎಂದು ಮೂಗು ಮುರಿಯುವ ಹಿರಿಯರು ಕೇಳಬಹುದು. ಅಲ್ಲವೆಂದೇ ನನ್ನ ನಮ್ರವಾದ ಆದರೆ ದೃಢವಾದ ಅಭಿಪ್ರಾಯ. ಪರೀಕ್ಷೆಗೆಂದು ಸೂತ್ರ ಕಂಠಪಾಠ ಮಾಡಿದ ಹುಡುಗನು ಶಕ್ತಿಗೂ ಸಾಮರ್ಥ್ಯಕ್ಕೂ ಇರುವ ಭೇದವನ್ನು ಪರೀಕ್ಷೆಯ ಮರುದಿನ ಮರೆಯುತ್ತಾನೆ. ಎದುರು ಪಕ್ಷದವನ ಬಾಯಿ ಮುಚ್ಚಿಸಲೆಂದು ಅದನ್ನು ಕಲಿತವನು ಮರೆಯಲಾರ. ಕ್ಷುದ್ರಗ್ರಹದ ಲೆಕ್ಕದಲ್ಲಿ ಊಹೆಯ ವ್ಯಾಸವನ್ನು ಬದಲಿಸಿ ಬದಲಿಸಿ ನೋಡಿದವನಿಗೆ, ಉತ್ತರದ ಗಾಂಭೀರ್ಯವು ಊಹೆಯ ದೌರ್ಬಲ್ಯವನ್ನು ಮರೆಸಬಲ್ಲದೆಂಬುದು ತಾನಾಗಿಯೇ ಹೊಳೆಯುತ್ತದೆ. ಈ ಅರಿವು ನಕ್ಷತ್ರನೌಕೆಗಳ ಮಟ್ಟಿಗೆ ಮಾತ್ರ ಬೇಕಾದುದೆಂದು ಭಾವಿಸಲಾಗದು.

ಏಕೆಂದರೆ ಈ ತುಲನೆಯ ಅಳತೆಗೋಲು ಕಲ್ಪಿತವಲ್ಲ. ಮೆಗಾಟನ್ ಎಂಬ ಮಾತು ಅಣ್ವಸ್ತ್ರಗಳ ಲೆಕ್ಕದಿಂದ ಬಂದದ್ದು. ೧೯೪೫ರ ಆಗಸ್ಟ್ ೬ರಂದು ಹಿರೋಶಿಮಾದ ಮೇಲೆ ಬಿದ್ದ ಬಾಂಬಿನ ಶಕ್ತಿ ಸುಮಾರು ೧೫ ಕಿಲೋಟನ್. ಆ ವರುಷ ಮುಗಿಯುವುದರೊಳಗೆ ಸುಮಾರು ೧,೪೦,೦೦೦ ಜನ ಸತ್ತರು. ಸಾಗಣೆಯ ನೌಕೆಯ ಆ ೨೦೦ ಗಿಗಾಟನ್ ಎಂದರೆ ಒಂದು ಕೋಟಿ ಮೂವತ್ತಮೂರು ಲಕ್ಷ ಹಿರೋಶಿಮಾಗಳು. ಅಂಕಿಯನ್ನು ನಾಲಗೆಯ ತುದಿಯಲ್ಲಿ ಆಡಿಸುವ ಹುಡುಗನಿಗೆ ಅದರ ಕೆಳಗಿನ ಮನೆಗಳು ಕಾಣುವುದಿಲ್ಲ. ಇದನ್ನು ಗುರುತಿಸಿದುದು ಕೂಡ ಅದೇ ಸ್ಟಾರ್ ಟ್ರೆಕ್ ಎಂಬುದನ್ನು ಅದರ ಲೆಕ್ಕಿಗರೇ ಮರೆತಂತಿದೆ. ೧೯೬೭ರ ಫೆಬ್ರವರಿಯಲ್ಲಿ ಬಂದ ‘ಎ ಟೇಸ್ಟ್ ಆಫ್ ಆರ್ಮಗೆಡನ್’ ಎಂಬ ಕಂತಿನಲ್ಲಿ ಎರಡು ಗ್ರಹಗಳು ಐನೂರು ವರುಷಗಳಿಂದ ಕಾದಾಡುತ್ತಿವೆ, ಆದರೆ ಕಂಪ್ಯೂಟರಿನೊಳಗೆ ಮಾತ್ರ. ಬಾಂಬು ಬೀಳುವುದಿಲ್ಲ, ಗೋಡೆ ಬಿರಿಯುವುದಿಲ್ಲ. ಇಂಥ ದಾಳಿಯಲ್ಲಿ ಇಂತಿಷ್ಟು ಜನ ಸತ್ತರೆಂದು ಯಂತ್ರ ಲೆಕ್ಕ ಹಾಕುತ್ತದೆ. ಲೆಕ್ಕದಲ್ಲಿ ಹೆಸರು ಬಂದ ಪ್ರಜೆಗಳು ನಿಗದಿಯಾದ ಗಡುವಿನೊಳಗೆ ತಾವಾಗಿಯೇ ನಡೆದುಹೋಗಿ ಮಾರಣಕೋಣೆಗಳನ್ನು ಸೇರುತ್ತಾರೆ. ಎಂಟರ್‌ಪ್ರೈಸ್ ನೌಕೆಯೂ ಆ ಲೆಕ್ಕದಲ್ಲಿ ‘ನಾಶ’ವಾಗುತ್ತದೆ, ಅದರ ಸಿಬ್ಬಂದಿ ಇಳಿದು ಬಂದು ಸಾಯಬೇಕೆಂದು ಆಳುವವರು ಸಭ್ಯತೆಯಿಂದಲೇ ಕೇಳಿಕೊಳ್ಳುತ್ತಾರೆ. ನಾಯಕ ಕರ್ಕ್ ಆ ಯಂತ್ರವನ್ನು ಒಡೆದುಹಾಕುತ್ತಾನೆ. ಅದಕ್ಕೆ ಮುನ್ನ, ತನ್ನಿಂದ ಸುದ್ದಿ ಬಾರದಿದ್ದರೆ ಎರಡು ಗಂಟೆಗಳಲ್ಲಿ ಆ ಗ್ರಹವನ್ನೇ ನಾಶಮಾಡಬೇಕೆಂದು ತನ್ನ ನೌಕೆಗೆ ಆಜ್ಞೆಯನ್ನೂ ಕೊಟ್ಟಿರುತ್ತಾನೆ. ನೌಕೆಯ ಬಲಕ್ಕೆ ಈ ಆಜ್ಞೆಯನ್ನು ಸಾಕ್ಷಿಯಾಗಿ ಉದ್ಧರಿಸುವವರು ಬಹುಮಂದಿ. ಲೆಕ್ಕದ ಯುದ್ಧವೆಂಬ ಆ ಕಂತಿನ ತಿರುಳನ್ನು ಎತ್ತಿಕೊಂಡವರು ವಿರಳ.

ಕಲ್ಪಿತಾಸ್ತ್ರದ ಅಂಕಿ ವಯಸ್ಕರ ಸಭೆಯನ್ನು ಹೊಕ್ಕ ಕಥೆಯನ್ನೂ ಹೇಳಿಬಿಡುತ್ತೇನೆ. ೧೯೮೩ರ ಮಾರ್ಚ್ ೨೩ರಂದು ಅಮೆರಿಕದ ಅಧ್ಯಕ್ಷ ರೇಗನ್ನರು ಶತ್ರುಕ್ಷಿಪಣಿಗಳನ್ನು ದಾರಿಯಲ್ಲಿಯೇ ನಾಶಮಾಡುವ ರಕ್ಷಣಾ ವ್ಯವಸ್ಥೆಯ ಸಂಶೋಧನೆಯನ್ನು ಘೋಷಿಸಿದರು. ಬಾಹ್ಯಾಕಾಶದ ಲೇಸರುಗಳೂ ಕಣಕಿರಣಗಳೂ ಅದರ ಆಶೆಗಳಲ್ಲಿ ಸೇರಿದ್ದವು. ವಿರೋಧಿಗಳು ಅದಕ್ಕೆ ‘ಸ್ಟಾರ್ ವಾರ್ಸ್’ ಎಂದೇ ಹೆಸರಿಟ್ಟರು. ಆ ಹೆಸರನ್ನು ರಾಜಕೀಯ ಜಾಹೀರಾತುಗಳಲ್ಲಿ ಬಳಸಬಾರದೆಂದು ಲೂಕಾಸ್‌ಫಿಲ್ಮ್ ನ್ಯಾಯಾಲಯಕ್ಕೆ ಹೋಗಿ ೧೯೮೫ರಲ್ಲಿ ಸೋತಿತು. ಅಲ್ಲಿಯೂ ಮೊದಲಿಗೆ ಬಂದುದು ಬಣ್ಣದ ಚಿತ್ರಗಳು, ಕೊಟ್ಟ ಅಂಕಿಗಳು. ಕೊನೆಗೆ ಅಮೆರಿಕದ ಭೌತಶಾಸ್ತ್ರ ಸಂಘವು ತಜ್ಞರ ಮಂಡಲಿಯೊಂದನ್ನು ನೇಮಿಸಿತು. ಅದರ ಸಹಾಧ್ಯಕ್ಷರಲ್ಲಿ ಒಬ್ಬರು ನೊಬೆಲ್ ಪುರಸ್ಕೃತ ಬ್ಲೂಂಬರ್ಗೆನ್. ಇನ್ನೊಬ್ಬರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಜನಿಸಿ ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, ೧೯೬೪ರಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ನಿರ್ಮಿಸಿದ ಕುಮಾರ್ ಪಟೇಲ್. ಕಿರಣಾಸ್ತ್ರವೆಂದರೇನೆಂದು ನಿಜವಾಗಿ ಬಲ್ಲವರು. ೧೯೮೭ರಲ್ಲಿ ಪ್ರಕಟವಾದ ಅವರ ವರದಿ ಯಾರನ್ನೂ ಹೀಯಾಳಿಸಲಿಲ್ಲ, ಯಾರನ್ನೂ ಹೊಗಳಲಿಲ್ಲ. ಆಗ ಇದ್ದ ಲೇಸರುಗಳ ಸಾಮರ್ಥ್ಯವೂ ಕಿರಣದ ಗುಣವೂ ಕ್ಷಿಪಣಿರಕ್ಷಣೆಗೆ ಪರಿಗಣಿಸಲ್ಪಡಬೇಕಾದರೆ ಕನಿಷ್ಠ ನೂರು ಪಟ್ಟು ಸುಧಾರಿಸಬೇಕು. ಇದು ಸಾಧ್ಯವೋ ಅಲ್ಲವೋ ಎಂದು ನಿರ್ಣಯಿಸುವುದಕ್ಕೇ ಹತ್ತು ವರುಷಕ್ಕೂ ಮಿಕ್ಕಿ ಬೇಕು ಎಂದು ಅದು ತಿಳಿಸಿತು. ಲೇಸರಿನ ಕಿರಣವೂ ಹರಡುತ್ತದೆ. ಒಂದು ಮೀಟರ್ ಅಗಲದ ಕನ್ನಡಿಯಿಂದ ಹೊರಟ ಅವರೋಹಿತ ಕಿರಣವು ಸಾವಿರ ಕಿಲೋಮೀಟರ್ ದೂರ ಹೋಗುವಷ್ಟರಲ್ಲಿ ಎರಡು ಮೀಟರಿಗೂ ಅಗಲವಾಗುತ್ತದೆ. ತೆರೆಯ ಮೇಲಿನ ಕಿರಣಕ್ಕೆ ಈ ತೊಡಕಿಲ್ಲ. ೧೯೯೩ರಲ್ಲಿ ಆ ಯೋಜನೆಯ ಕಚೇರಿ ಹೆಸರನ್ನೂ ಗುರಿಯನ್ನೂ ಬದಲಿಸಿಕೊಂಡಿತು.

ಆ ಮಂಡಲಿಯವರು ಮಾಡಿದುದು, ನಮ್ಮ ಹುಡುಗ ಕ್ಷುದ್ರ ಗ್ರಹದ ಮುಂದೆ ಮಾಡಬೇಕಾದ ಕೆಲಸವನ್ನೇ: ಹೇಳಿದ ಅಂಕಿಯನ್ನು ಬದಿಗಿಟ್ಟು, ಅಳೆದ ಅಂಕಿ ಎಷ್ಟು ಎಂದು ಕೇಳುವುದು. ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ. ಈ ವಾದವನ್ನು ಅಂಗಳದಿಂದ ತರಗತಿಯೊಳಗೆ ಕರೆತನ್ನಿ. ಹಾಳೆಯ ಅರ್ಧವನ್ನು ಲೆಕ್ಕಕ್ಕೂ ಉಳಿದರ್ಧವನ್ನು ಊಹೆಗಳ ಪಟ್ಟಿಗೂ ಮೀಸಲಿಡಿ. ಎರಡಕ್ಕೂ ಸಮನಾಗಿ ಅಂಕ ಕೊಡಿ. ಇದಕ್ಕೆ ದುಬಾರಿ ಉಪಕರಣ ಬೇಡ. ವಿಜ್ಞಾನ ಶಾಲೆಗೆ ನೆರವಾಗುವ ದಾನಿಗಳು ಕೊಡಬಹುದಾದುದು ಗ್ರಂಥಾಲಯಕ್ಕೆ ನಾಲ್ಕಾರು ಒಳ್ಳೆಯ ಭೌತಶಾಸ್ತ್ರದ ಆಕರ ಗ್ರಂಥಗಳು. ಕಬ್ಬಿಣದ ಆವಿಯ ಶಾಖವನ್ನು ಹುಡುಗರು ತಾವೇ ಹುಡುಕಿ ತೆಗೆಯಲಿ. ಮೊದಲ ದಿನಕ್ಕೆ ಡೇಟಾನ ಕಡಿದುಹೋದ ವಾಕ್ಯವನ್ನೇ ಕರಿಹಲಗೆಯ ಮೇಲೆ ಬರೆಯಬಹುದು. ವಾಟ್ ಎಂಬುದರಲ್ಲಿಯೇ ‘ಪ್ರತಿ ಸೆಕೆಂಡಿಗೆ’ ಅಡಗಿರುವಾಗ, ‘ಗಿಗಾವಾಟ್, ಪ್ರತಿ...’ ಎಂಬುದರ ಮುಂದೆ ಏನು ಬರೆದರೆ ಮಾತಿಗೆ ಅರ್ಥ ಬಂದೀತು? ಘನಮೀಟರಿಗೆ ಎನ್ನಬಹುದೇ, ಕಿಲೋಗ್ರಾಂ ಇಂಧನಕ್ಕೆ ಎನ್ನಬಹುದೇ, ಸೆಕೆಂಡಿಗೆ ಎಂದರೆ ಏನಾದೀತು? ಹಿಂದಿನ ಬೆಂಚಿನವರನ್ನೇ ಮೊದಲು ಕೇಳುವುದು ಒಳ್ಳೆಯದು. ಈ ಮಾಲಿಕೆಗಳನ್ನು ಹೆಚ್ಚಾಗಿ ನೋಡಿರುವವರು ಅವರೇ.